ಕುಟ್ಟುಗಲ್ಲಿನ ಕುಳಿ

ಗಿಳಿಮೀನು ಹವಳ ಕಡಿಯುತ್ತಿದೆ, ಕಟಕಟ, ಯಾರೋ ಹಸಿ ಅಕ್ಕಿ ಜಗಿದಂತೆ, ಅದೊಂದು ಸದ್ದು, ನನ್ನ ಉಸಿರಿನದೊಂದು ಸದ್ದು, ಇವೆರಡು ಬಿಟ್ಟರೆ ನೀರಿನಡಿ ಯಾರ ಮಾತೂ ಇಲ್ಲ, ಅದಕ್ಕೇ ಈ ಕೆಲಸ ನನಗೆ ಹಿಡಿಸಿದ್ದು, ಮೇಲೆ ದೋಣಿಯಲ್ಲಿ ಜೊತೆಗಾರ ಪುನುವಾನ ಬಾಯಿಗೆ ಬೀಗವಿಲ್ಲ — ಏನಣ್ಣ ವಿರಿಯಾಮು, ಅತ್ತಿಗೆ ಇವತ್ತು ಬುತ್ತಿಗೆ ಏನು ತರ್ತಾಳೆ, ನಿನ್ನ ಮುಖ ನೋಡಿದ್ರೆ ಉಪ್ಪಿಲ್ಲದ ಮೀನೇ ಇರ್ಬೇಕು — ಇಲ್ಲಿ ಬರೀ ಮರಳು, ಹಗ್ಗ ಕಟ್ಟಿ ಗುರುತಿಸಿದ ನನ್ನ ಚೌಕ, ಅಂಗೈಯಿಂದ ಮರಳು ಬೀಸಬೇಕು, ಕದಡಿದ್ದು ತಿಳಿಯಾಗುವವರೆಗೆ ಕಾಯಬೇಕು, ಮತ್ತೆ ಬೀಸಬೇಕು. ಹವಳದ ಗೋಡೆಯ ಈ ಕಂಡಿಯಲ್ಲೇ ನೂರಾರು ವರ್ಷದ ಹಿಂದೆ ಹಳಬರ ದೋಣಿ ಒಡೆದದ್ದು, ಅದನ್ನೇ ನಾವು ಅಗೆಯುತ್ತಿರುವುದು, ದೋಣಿಯ ತುಂಬ ಕಲ್ಲಿನ ಬಾಚಿಗಳು, ಕುಟ್ಟುಗಲ್ಲುಗಳು, ಈಗಲೂ ದಕ್ಷಿಣದ ಅಲೆ ಎದ್ದರೆ ಇದೇ ಕಂಡಿ ದೋಣಿ ನುಂಗುತ್ತದೆ, ಹೋದ ವಾರ ಪುನುವಾಗೆ ತುಕ್ಕು ಹಿಡಿದ ಮೋಟಾರಿನ ತುಂಡು ಸಿಕ್ಕಿತ್ತು, ಕಸ ಎಂದು ನಕ್ಕು ಬುಟ್ಟಿಗೆ ಎಸೆದೆವು. ಕಲ್ಲು ಕಂಡರೆ ಎತ್ತಬೇಡ ಎಂದಿದ್ದಾಳೆ ವೈತೇ, ಈ ಅಗೆತದ ಯಜಮಾನಿ, ನಮ್ಮ ಕೇರಿಯ ಹುಡುಗಿಯೇ, ಬೆನ್ನಿನ ಸಿಲಿಂಡರಿಗೆ ಚಾಕುವಿನಿಂದ ತಟ್ಟು, ನಾನು ಬರ್ತೀನಿ — ಅಗೋ, ಮರಳಿನಲ್ಲಿ ಕಪ್ಪು ಅಂಚು, ಬೀಸು, ಕಾಯಿ, ಬೀಸು, ಕುಟ್ಟುಗಲ್ಲು, ಅಗಲವಾದ ಬುಡ, ನಯವಾದ ಕತ್ತು, ತುದಿಗೆ ಎರಡು ಕಿವಿ, ಮಾವುಪಿತಿ ದ್ವೀಪದ ಕಪ್ಪು ಕಲ್ಲು, ಇಂಥವು ಎಷ್ಟೋ ಸಿಕ್ಕಿವೆ, ಆದರೆ ಇದರ ಕಿವಿಯ ಕೆಳಗೆ ಒಂದು ಕುಳಿ, ಬೆರಳಿಡುವ ಕುಳಿ, ಬೇರೆ ಯಾವ ಕಲ್ಲಿನಲ್ಲೂ ಇಲ್ಲ, ನನ್ನ ತೋರುಬೆರಳು ಇಡುತ್ತೇನೆ, ಹಿಡಿಸುವುದಿಲ್ಲ, ಕುಳಿ ಅರ್ಧಕ್ಕೇ ನಿಂತಿದೆ, ಅರ್ಧ ಬೆರಳಿನವರು ಯಾರಾದರೂ ಹಿಡಿಯಬೇಕು ಇದನ್ನು, ಅರ್ಧ ಬೆರಳು —

ತಿತೈನಾ, ನನ್ನ ಹೆಂಡತಿ. ಅವಳ ಬಲಗೈಯ ತೋರುಬೆರಳು ಮೇಲಿನ ಗೆಣ್ಣಿಲ್ಲದ್ದು, ಹುಡುಗಿಯಾಗಿದ್ದಾಗ ಆಕ್ಟೋಪಸ್ ಹುಡುಕಿ ಬಂಡೆಯ ಸಂದಿಗೆ ಕೈ ಹಾಕಿದಳು, ಒಳಗೆ ಇದ್ದದ್ದು ಹಾವುಮೀನು. ಯಾವ ಕುಟ್ಟುಗಲ್ಲೂ ಅವಳ ಕೈಗೆ ಕೂರುವುದಿಲ್ಲ, ಜಾರುತ್ತದೆ, ನಾನು ಸಂತೆಯಿಂದ ಆಸೆಪಟ್ಟು ತಂದ ಕಲ್ಲು ಈಗ ಬಾಗಿಲಿಗೆ ಒತ್ತು, ಜೀಗುಜ್ಜೆ, ಅದೇ ದೀವಿಹಲಸು, ಬೆಂದರೆ ಅವಳು ಬಾಟಲಿಯ ತಳದಿಂದ ಕುಟ್ಟುತ್ತಾಳೆ — ಇರ್ಲಿ ಬಿಡು, ಅನ್ನುತ್ತಾಳೆ, ನನ್ನ ಕೈಗೆ ಆಗೋ ಕಲ್ಲು ಮಾಡ್ತೀನಿ ಅಂತ ಹೋದವನು ಒಬ್ಬ ಇದ್ದ — ಆ ಒಬ್ಬ ತಿಹೋತಿ, ಅವಳ ಮೊದಲ ಗಂಡ, ಕಲ್ಲು ಕೆತ್ತುವವನು, ಒಳ್ಳೆ ಕಲ್ಲು ಬೇಕೆಂದು ದೋಣಿ ಏರಿ ಮಾವುಪಿತಿಗೆ ಹೋದವನು ಬರಲೇ ಇಲ್ಲ, ಪಪೇಟೆ ಪಟ್ಟಣದಲ್ಲಿ ಮುತ್ತು ಮಾರುವವಳ ಪಕ್ಕದಲ್ಲಿ ಅವನನ್ನು ನೋಡಿದೆ ಎಂದು ಯಾರೋ ಹೇಳಿದರು, ಯಾರೋ ಹೇಳಿದ್ದನ್ನು ಊರೆಲ್ಲ ಹೇಳಿತು, ಅವಳೂ ನಂಬಿದಳು, ಬೈದಳು, ಜೀಗುಜ್ಜೆ ಕುಟ್ಟುವಾಗಲೆಲ್ಲ ಬೈದಳು, ಬೇವರ್ಸಿ, ಹೆಣ್ಣುಬಾಕ, ಅವಳು ಒಂದೊಂದು ಬೈದಾಗಲೂ ನನಗೆ ಹಾಲು ಕುಡಿದಷ್ಟು ಸಂತೋಷ, ಇನ್ನೊಂದು ತುತ್ತು ಹೆಚ್ಚಿಗೆ ಉಣ್ಣುತ್ತಿದ್ದೆ. ಆದರೂ ಹೊಟ್ಟೆಯಲ್ಲೊಂದು ಕೆಂಡ ಇತ್ತು, ಯಾಕೆಂದರೆ ಹೂವು, ಎಡಗಿವಿಗೆ ಹೂವು ಸಿಕ್ಕಿಸಿದರೆ ಗಂಡನಿದ್ದಾನೆ ಎಂದು ಅರ್ಥ, ಅವಳು ಒಂಟಿಯಾಗಿದ್ದ ಕಾಲದಲ್ಲೂ ಎಡಕ್ಕೇ ಸಿಕ್ಕಿಸುತ್ತಿದ್ದಳು, ನಾನು ಬಂದ ಮೇಲೂ ಎಡಕ್ಕೇ, ಇದು ನನ್ನ ಹೂವೋ ಅವನದೋ, ಕೇಳುವ ಬಾಯಿ ಬರಲಿಲ್ಲ. ಈಗ ಇದು. ಆ ಮೋಟಾರಿನ ತುಂಡು ಕಸವಲ್ಲ, ಅವನ ದೋಣಿಯದು, ಓಡಿಹೋಗಲಿಲ್ಲ ಆ ಬೋಳಿಮಗ, ಬರುತ್ತಿದ್ದ, ಅವಳ ಬೆರಳಿಗೆ ಅಳತೆ ಮಾಡಿ ಕೆತ್ತಿದ ಕಲ್ಲು ಇಟ್ಟುಕೊಂಡು, ಮನೆ ಕಾಣುವಷ್ಟು ಹತ್ತಿರ, ಅಳತೆ ಕಡ್ಡಿ ಬೇಕಿರಲಿಲ್ಲ ಅವನಿಗೆ, ಆ ಬೆರಳು ಅವನಿಗೆ ಬಾಯಿಪಾಠ. ಓಡಿಹೋದವನ ಜೊತೆ ನಾನು ಗುದ್ದಾಡಬಲ್ಲೆ, ಮನೆಗೆ ಬರುತ್ತಾ ಮುಳುಗಿದವನ ಜೊತೆ ಹೇಗೆ ಗುದ್ದಾಡಲಿ, ಅವನಿಗೆ ಇನ್ನು ವಯಸ್ಸಾಗುವುದಿಲ್ಲ, ಗೊರಕೆ ಹೊಡೆಯುವುದಿಲ್ಲ, ಅವನು ತಪ್ಪೇ ಮಾಡುವುದಿಲ್ಲ. ಎರಡು ಮಾರು ಆಚೆ ಮರಳು ಮುಗಿಯುತ್ತದೆ, ಕಂಡಿಯ ಆಳ, ಕಡುನೀಲಿ, ಬಿಟ್ಟರೆ ಹೋಯಿತು, ಕಲ್ಲು ಕೈಯಲ್ಲೇ ಇದೆ, ಯಾವಾಗ ಎತ್ತಿದೆನೋ, ಬಿಡು ವಿರಿಯಾಮು, ಬಿಡು — ಅಷ್ಟರಲ್ಲಿ ಗುಳ್ಳೆಗಳು, ನೆರಳು, ವೈತೇ, ಎತ್ತಿದ್ದೇಕೆ ಎಂದು ಕಣ್ಣು ಕೆಂಪು ಮಾಡಿ, ಕಲ್ಲನ್ನು ನನ್ನ ಕೈಯಿಂದ ತೆಗೆದುಕೊಳ್ಳುತ್ತಾಳೆ.

ದೋಣಿಯಲ್ಲಿ ಬಿಸಿಲು, ಉಪ್ಪು ಒಣಗಿ ಕೆನ್ನೆ ಬಿಗಿಯುತ್ತದೆ, ವೈತೇ ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡುತ್ತಾಳೆ, ಬೈಯುವುದನ್ನೂ ಮರೆತಿದ್ದಾಳೆ, ಇದರ ಮೇಲೆ ಕಬ್ಬಿಣದ ಉಳಿಯ ಗುರುತು ಇದೆಯಂತೆ, ಹಳಬರದಲ್ಲ, ನಮ್ಮ ಕಾಲದವರು ಯಾರೋ ಮಾಡಿದ್ದು, ಚಿತ್ರ ತೆಗೆದುಕೊಂಡಳು, ಆಮೇಲೆ ನಗುತ್ತಾ ನನ್ನ ತೊಡೆಯ ಮೇಲೆ ಇಟ್ಟಳು — ನಂಗೆ ಬೇಡಣ್ಣ ಇದು, ತಗೊಂಡು ಹೋಗಿ ಅತ್ತಿಗೆಗೆ ಕೊಡು, ಜೀಗುಜ್ಜೆ ಕುಟ್ಲಿ — ಪುನುವಾ ಬಿಡುತ್ತಾನೆಯೇ, ಹೌದೌದು, ಇದೂ ಬಾಗಿಲಿಗೆ ಒತ್ತಾಗುತ್ತೆ, ನಿಮ್ಮನೆ ಹಿಂಬಾಗಿಲಿಗೂ ಒಂದು ಬೇಕಲ್ಲ. ನಗು. ತೊಡೆಯ ಮೇಲೆ ಕಲ್ಲು ತಣ್ಣಗೆ, ಕಾಣಿಸದ ಹಾಗೆ ಕುಳಿಯ ಮೇಲೆ ಹೆಬ್ಬೆರಳು ಒತ್ತಿ ಕೂತಿದ್ದೇನೆ, ಆಗಲೇ ಆ ಯೋಚನೆ ಬಂದದ್ದು, ಎಷ್ಟು ಸಲೀಸಾಗಿ ಬಂತು, ನಾನೇ ಮಾಡಿಸಿದೆ ಅನ್ನುವುದು, ನಿನ್ನ ಬೆರಳಿಗೆ ಅಂತ ಅಳತೆ ಕೊಟ್ಟು ಮಾಡಿಸಿದೆ ತಿತೈನಾ, ಅಷ್ಟೇ, ಪುನುವಾನ ಬಾಯಿಗೆ ಒಂದು ಬಾಟಲಿ ಬಿಯರು, ವೈತೇ ನಾಳೆಗೆ ಮರೆಯುತ್ತಾಳೆ, ಅವನು ಬೇವರ್ಸಿಯಾಗಿಯೇ ಪಪೇಟೆಯಲ್ಲಿ ಬಿದ್ದಿರಲಿ, ಅವನ ಕೈಯ ಕೆಲಸ ನನ್ನ ಹೆಸರಿಗೆ, ನೋಡಿದೆಯಾ ತಿಹೋತಿ, ನಿನ್ನ ಹೆಂಡತಿಯೂ ನನಗೆ, ನಿನ್ನ ಕಲ್ಲೂ ನನಗೆ, ಮಾತನ್ನು ಬಾಯಲ್ಲಿ ಉರುಳಿಸುತ್ತೇನೆ, ನಾನೇ ಮಾಡಿಸಿದೆ, ನಾನೇ ಮಾಡಿಸಿದೆ, ದಡ ಬಂತು.

ಕಟ್ಟೆಯ ಮೇಲೆ ಅವಳು, ಪಾತ್ರೆ, ಬಾಳೆಲೆ, ಎಡಗಿವಿಯಲ್ಲಿ ಹೂವು, ಎಲ್ಲರಿಗೂ ಬಡಿಸುತ್ತಾಳೆ, ಪುನುವಾನ ತಲೆಗೊಂದು ಮೊಟಕುತ್ತಾಳೆ, ಅದೇನು ಬಚ್ಚಿಟ್ಕೊಂಡಿದೀಯ ಎಂದು ನನ್ನ ಕಡೆ ತಿರುಗುತ್ತಾಳೆ, ನಾನು ಹೆಬ್ಬೆರಳು ತೆಗೆದು ಕಲ್ಲು ನೀಡುತ್ತೇನೆ, ನಿನಗೆ ಅಂತ, ಅನ್ನುತ್ತೇನೆ, ಉಳಿದ ಮಾತು ಬಾಯಿಗೆ ಬರುತ್ತಿದೆ, ತುಟಿಯವರೆಗೆ ಬಂದೇಬಿಟ್ಟಿತು, ಅಷ್ಟರಲ್ಲಿ ಅವಳ ಕೈ ಕಲ್ಲಿನ ಕತ್ತಿನ ಸುತ್ತ ಕೂರುತ್ತದೆ, ಮೊಂಡು ಬೆರಳು ಹುಡುಕುವುದೇ ಇಲ್ಲ, ನೇರ ಕುಳಿಗೆ ಹೋಗಿ ಮಲಗುತ್ತದೆ. ಯಾರು ಮಾಡಿದ್ದು ಎಂದು ಅವಳು ಕೇಳಲಿಲ್ಲ.

"ಎಲ್ಲಿತ್ತು?"

ಕಂಡಿಯಲ್ಲಿ, ಎಂದೆ. ಅವಳು ಕಂಡಿಯ ಕಡೆ ನೋಡುತ್ತಾಳೆ, ಬಿಳಿ ನೊರೆಯ ಗೆರೆ, ಅದರ ನಡುವಿನ ನೀಲಿ, ಇಲ್ಲಿಂದ ಎಷ್ಟು ಹತ್ತಿರ, ಕೂಗಿದರೆ ಕೇಳುವಷ್ಟು.

"ಹೋಗ್ತಾ ಇದ್ನಾ, ಬರ್ತಾ ಇದ್ನಾ?"

ಗೊತ್ತು ಅವಳಿಗೆ, ಕೈಯಲ್ಲೇ ಇದೆ ಉತ್ತರ, ಆದರೂ ನನ್ನ ಬಾಯಿಂದ ಬರಬೇಕು, ಸುಳ್ಳು ಹೇಳಲು ಇನ್ನೂ ಜಾಗವಿದೆ, ಬರ್ತಾ ಇದ್ದ, ಎನ್ನುತ್ತೇನೆ, ಹೊಟ್ಟೆ ಉರಿಯುತ್ತದೆ, ಬರ್ತಾ ಇದ್ದ ತಿತೈನಾ, ಅವಳು ಅಳುವುದಿಲ್ಲ, ಬೈಯುವುದಿಲ್ಲ, ಇನ್ನೆಂದೂ ಬೈಯುವುದಿಲ್ಲ, ಮೀನು ಆರುತ್ತಿದೆ, ನೊಣ ಕೂರುತ್ತಿದೆ, ನಾನು ಅವಳ ಮುಖ ನೋಡಲಾರೆ, ಕೈ ನೋಡುತ್ತೇನೆ, ಕಪ್ಪು ಕಲ್ಲು, ಅದರ ಕುಳಿ, ಕುಳಿಯಲ್ಲಿ ಆ ಬೆರಳು, ಕೂದಲೆಳೆಯಷ್ಟೂ ಸಂದಿಲ್ಲ, ಆ ಕುಳಿ, ಆ ಬೆರಳು —