ಮೋಡದ ನೆರಳಿಗೆ ಬಿಟ್ಟ ಬಲೆ

ಮೋಕ್ಷಿತಾ ಪುಟ ಮಗುಚಲು ಹೋದರೆ ಲೀಲಾಧರ ಬೆರಳು ಅಡ್ಡ ಇಟ್ಟ. ನೋಡಿ ಆಗಲಿಲ್ಲ, ನಿಲ್ಲು ಎಂದ. ಮಗಳಿಗೆ ನಗು ಬಂತು. ಬ್ರಹ್ಮಾವರದ ಗೆಳತಿ ದೀಕ್ಷಾಳಿಂದ ಅವಳು ಓದಲು ತಂದ ಇಂಗ್ಲಿಷ್ ಚಿತ್ರಕಾದಂಬರಿ ಅದು. ಕಾಲೇಜಿಗೆ ಹೋಗುವವಳಿಗೆ ಮಕ್ಕಳ ಪುಸ್ತಕವಾ ಎಂದು ಮೊನ್ನೆ ಹಂಗಿಸಿದ್ದ ಮನುಷ್ಯ ಇವತ್ತು ಮಧ್ಯಾಹ್ನದ ಊಟವಾದಲ್ಲಿಂದ ಜಗಲಿ ಬಿಟ್ಟು ಎದ್ದಿರಲಿಲ್ಲ. ಮಳೆಗಾಲದ ಮೀನುಗಾರಿಕೆ ನಿಷೇಧಕ್ಕೆ ಹಂಗಾರಕಟ್ಟೆಯ ಬೋಟುಗಳೆಲ್ಲ ಹೊಳೆಬದಿಯಲ್ಲಿ ಸಾಲಾಗಿ ನಿಂತಿದ್ದವು. ಅವು ಮತ್ತೆ ಕಡಲಿಗೆ ಇಳಿಯಲು ಇನ್ನು ಹದಿನೈದೇ ದಿನ.

ಇಂಗ್ಲಿಷ್ ಓದಿ ಅವಳು ತಮ್ಮ ಮಾತಿನಲ್ಲಿ ಹೇಳುತ್ತಿದ್ದಳು. ಊರು ಕಾಯುವ ಮೂವರು ಮಹಾಶೂರರ ಕಥೆ. ಶೂರರು ಎಂಬುದು ಹೆಸರಿಗೆ ಮಾತ್ರ. ಹಾರಲು ಬರುವ ಹೆಂಗಸಿಗೆ ಎತ್ತರ ಕಂಡರೆ ಕೈಕಾಲು ನಡುಕ, ಹಾಗಾಗಿ ಮನೆಯ ಮಾಡಿಗಿಂತ ಮೇಲೆ ಹೋಗುವವಳಲ್ಲ. ಬಂಡೆ ಎತ್ತಿ ಎಸೆಯುವವನು ಹೆಂಡತಿ ಎದುರು ಉಸಿರೆತ್ತುವುದಿಲ್ಲ. ಇವರಿಬ್ಬರನ್ನು ಕಂಡು ಲೀಲಾಧರ ಹೊಟ್ಟೆ ಹಿಡಿದು ನಕ್ಕಿದ್ದ. ಇಂಥವರು ನಮ್ಮ ಬೋಟಿನಲ್ಲೇ ನಾಲ್ಕು ಜನ ಸಿಕ್ಕಾರು ಎಂದಿದ್ದ. ಮೂರನೆಯವನ ಸರದಿ ಬಂದಾಗ ನಗು ನಿಂತಿತು. ಆ ಮೂರನೆಯವನಿಗೆ ಹತ್ತು ಮೈಲಿ ಆಚೆಯ ಇರುವೆಯೂ ಕಾಣುತ್ತದಂತೆ. ಕಾಣುತ್ತಿತ್ತು ಅನ್ನಬೇಕು. ಈಗ ಕಣ್ಣು ಮಂಜಾಗಿದೆ, ಜತೆಯವರಿಗೆ ಹೇಳಿಲ್ಲ. ಅವನು ಬೆರಳು ತೋರಿಸಿದ ಕಡೆಗೆ ಉಳಿದಿಬ್ಬರು ನಂಬಿ ನುಗ್ಗುತ್ತಾರೆ.

"ಇವ ಎಂತಕ್ ಬಾಯ್ ಬಿಡುದಿಲ್ಲ? ಒಂದ್ ಮಾತ್ ಹೇಳ್ರೆ ಎಂತ ಆತಿತ್ತ್?" ಎಂದು ಲೀಲಾಧರ ಚಿತ್ರದ ಮೇಲೆ ರೇಗಿದ.

ಹೇಳಿದರೆ ತನ್ನನ್ನು ಬಿಟ್ಟು ಹಾಕುತ್ತಾರೆ ಎಂಬ ಹೆದರಿಕೆ ಅವನಿಗೆ ಎಂದಳು ಮಗಳು.

ಮುಂದಿನ ಪುಟದಲ್ಲಿ ಗೆರೆಗಳೇ ನೆಟ್ಟಗಿರಲಿಲ್ಲ. ದಾರಿದೀಪದ ಬೆಳಕು ಒಡೆದು ಚೂರುಚೂರಾಗಿತ್ತು. ಜನರ ಮುಖದ ಮೇಲೆ ಗಂಜಿತಿಳಿ ಚೆಲ್ಲಿದ ಹಾಗೆ ಬಿಳಿ. ಪ್ರಿಂಟ್ ಕೆಟ್ಟಿದೆ ಎಂದು ಮೋಕ್ಷಿತಾ ಮಗುಚಲು ಹೋದಾಗಲೇ ಅವನು ಬೆರಳು ಅಡ್ಡ ಇಟ್ಟದ್ದು. ಪುಸ್ತಕವನ್ನು ಮೂಗಿನ ಹತ್ತಿರ ತಂದು ಬಹಳ ಹೊತ್ತು ನೋಡಿದ.

"ಕೆಟ್ಟದ್ದಲ್ಲ ಮಗಾ. ಸಮ ಬರ್ದಿದ್ದ. ಹೀಂಗೇ ಕಾಂಬುದ್."

ಅವಳು ಚಿತ್ರ ಬಿಟ್ಟು ಅಪ್ಪನ ಮುಖ ನೋಡಿದಳು. ಎಷ್ಟು ದಿನವಾಯಿತು ಎಂದು ಮೆಲ್ಲನೆ ಕೇಳಿದಳು. ದೀಪಾವಳಿಯಿಂದ ಎಂದ.

ಲೀಲಾಧರ ಬೋಟಿನ ತಾಂಡೇಲ. ಬೋಟು ಎತ್ತ ಹೋಗಬೇಕು, ಬಲೆ ಎಲ್ಲಿ ಬಿಡಬೇಕು ಎಂದು ಹೇಳುವವನೇ ಅವನು. ನೀರಿನ ಮೇಲೆ ಬಿದ್ದ ಕಪ್ಪು ಕಂಡೇ ಅಲ್ಲಿ ಬಂಗುಡೆ ಮೀನಿನ ಹಿಂಡು ಇದೆ ಎಂದು ಹೇಳಬೇಕು. ಆ ಕಣ್ಣು ನಂಬಿ ಇಪ್ಪತ್ತೈದು ಜನ ಕಡಲಿಗೆ ಹೋಗುತ್ತಾರೆ. ಮೇ ತಿಂಗಳಲ್ಲಿ ಅಂಥದೇ ಕಪ್ಪು ಕಂಡು ಬಲೆ ಬಿಡಿಸಿದ. ಎಳೆದರೆ ಬರೀ ನೀರು. ಅದು ಮೋಡದ ನೆರಳು! ಮೋಡ ಹಿಡಿದ ತಾಂಡೇಲ ಎಂದು ಬೋಟಿಡೀ ನಕ್ಕಿತು, ಅವನೂ ನಕ್ಕ. ಎಂಥವನಿಗೂ ಒಮ್ಮೆ ತಪ್ಪುತ್ತದೆ ಎಂದು ಎಲ್ಲರೂ ಮರೆತರು. ಅವನು ಮರೆಯಲಿಲ್ಲ. ಹೊಳೆ ಕಡಲಿಗೆ ಸೇರುವ ಅಳಿವೆಯಲ್ಲಿ ತೆರೆ ನೋಡಿ ಬೋಟು ಒಳಗೆ ತರಿಸುವಾಗ, ಇವತ್ತು ಇವರನ್ನೆಲ್ಲ ಮುಳುಗಿಸುತ್ತೇನೆ ಎಂದು ಪ್ರತಿದಿನ ಹೆದರಿದ್ದ. ಮಳೆಗಾಲದಲ್ಲಿ ಬಲೆ ರಿಪೇರಿಗೆ ಕೂತಾಗ ಯಾರಿಗೂ ಗೊತ್ತಾಗಲಿಲ್ಲ. ಆ ಕೆಲಸಕ್ಕೆ ಅವನ ಬೆರಳು ಸಾಕಿತ್ತು.

ವಿಷಯ ಕೇಳಿ ಹೆಂಡತಿ ಜಲಜ ಮೊದಲು ಬೈದಳು, ಆಮೇಲೆ ಅತ್ತಳು, ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಕುಂದಾಪುರದ ಕಣ್ಣಿನ ಡಾಕ್ಟರಲ್ಲಿಗೆ ಎಳೆದುಕೊಂಡು ಹೋದಳು. ಡಾಕ್ಟರು ಟಾರ್ಚ್ ಹಾಕಿ ನೋಡಿ ಪೊರೆ ಬಂದಿದೆ, ತೆಗೆದರೆ ಮೊದಲಿನ ಹಾಗೆ ಕಾಣುತ್ತದೆ ಎಂದರು. ಇಷ್ಟೇಯಾ ಎಂದು ಕೇಳಿಯೇಬಿಟ್ಟ ಲೀಲಾಧರ. ಒಂಬತ್ತು ತಿಂಗಳು ಹೊತ್ತು ತಿರುಗಿದ್ದು ಇಷ್ಟಕ್ಕೇಯಾ! ಆದರೆ ಎರಡು ತಿಂಗಳು ಕಡಲಿಗೆ ಇಳಿಯುವಂತಿಲ್ಲ. ಅಂದರೆ ಮಂಜಯ್ಯನಿಗೆ ಹೇಳಲೇಬೇಕು.

ಮಂಜಯ್ಯ ಬೋಟಿನ ಡ್ರೈವರ್. ಇಪ್ಪತ್ತೆರಡು ವರ್ಷ ಲೀಲಾಧರ ಕೈ ತೋರಿಸಿದ ಕಡೆಗೆ ಸ್ಟೇರಿಂಗ್ ತಿರುಗಿಸಿದವ. ಹೊಳೆಬದಿಯ ಶೆಡ್ಡಿನಲ್ಲಿ ಒಬ್ಬನೇ ಬಲೆ ಹೊಲಿಯುತ್ತಿದ್ದ. ಲೀಲಾಧರ ಅವನ ಪಕ್ಕದಲ್ಲಿ ಕೂತು, ಮೋಡದ ನೆರಳಿನಿಂದ ಹಿಡಿದು ಒಂದೂ ಬಿಡದೆ ಹೇಳಿದ. ದೀಕ್ಷಾಳಿಗೆ ಮರಳಿಸಬೇಕಿದ್ದ ಪುಸ್ತಕವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ತಂದಿದ್ದ. ಅದನ್ನು ತೆಗೆದು ಆ ಬಿಳಿ ಪುಟ ತೋರಿಸಿ, ನನಗೆ ಕಾಣುವುದು ಹೀಗೆ ಎಂದ. ಉಗಿಸಿಕೊಳ್ಳಲು ತಯಾರಾಗಿ ತಲೆ ತಗ್ಗಿಸಿದ.

ಮಂಜಯ್ಯನ ಸೂಜಿ ನಿಂತಿತು. ಅವನು ಎದ್ದು, ಶೆಡ್ಡಿನ ಆಚೀಚೆ ಯಾರೂ ಇಲ್ಲವೆಂದು ನೋಡಿ ಬಂದು ಕೂತ.

"ಹಂಗಾರೆ ನಂದೂ ಒಂದ್ ಇತ್ತ್, ಕೇಣ್. ನಂಗ್ ಈಜುಕ್ ಬತ್ತಿಲ್ಲ ಮಾರಾಯಾ."

ಲೀಲಾಧರನಿಗೆ ಮೊದಲು ಅರ್ಥವೇ ಆಗಲಿಲ್ಲ. ಕಡಲ ಮಗ, ಐವತ್ತು ವರ್ಷದವ, ಈಜು ಬರುವುದಿಲ್ಲವೇ? ಸಣ್ಣವನಿದ್ದಾಗ ಕಲಿಯಲಿಲ್ಲ, ದೊಡ್ಡವನಾದ ಮೇಲೆ ಕೇಳಲು ನಾಚಿಕೆಯಾಯಿತು ಎಂದ ಮಂಜಯ್ಯ.

"ಕಣ್ ಕಾಣ್ದಿದ್ ತಾಂಡೇಲ, ಈಜುಕ್ ಬಾರದ್ ಡ್ರೈವರ್. ಅಳಿವೆಯಗೆ ಇಷ್ಟ್ ದಿನ ಬೋಟ್ ಬಿಟ್ಟದ್ ಯಾರ್ ಹಂಗಾರೆ?" ಎಂದ ಲೀಲಾಧರ.

ಇಬ್ಬರಿಗೂ ಮೈ ಜುಮ್ಮೆಂದಿತು. ಆಮೇಲೆ ನಗು ಬಂತು, ಬಂದದ್ದು ನಿಲ್ಲಲಿಲ್ಲ. ಲೀಲಾಧರನ ಕಣ್ಣಲ್ಲಿ ನೀರು ಇಳಿಯಿತು. ಎದೆ ಹಗುರಾಯಿತು. ಎರಡು ತಿಂಗಳಿಗೆ ನಮ್ಮ ಬೋಟಿನ ಅಶೋಕನನ್ನು ತಾಂಡೇಲ ಮಾಡೋಣ, ಆಮೇಲೆ ನೀನು ಬಾ, ನಿನ್ನ ಜಾಗ ಎಲ್ಲಿಗೂ ಓಡುವುದಿಲ್ಲ ಎಂದ ಮಂಜಯ್ಯ. ನಿನಗೆ ಈಜು ಕಲಿಸಲು ನನಗೆ ಕಣ್ಣು ಬೇಕಾಗಿಲ್ಲ ಎಂದ ಲೀಲಾಧರ. ಮಂಜಯ್ಯ ಲುಂಗಿಗೆ ಕೈ ಒರೆಸಿಕೊಂಡು ಪುಸ್ತಕ ಎತ್ತಿಕೊಂಡ. ಇದರಲ್ಲಿ ಈಜಲು ಬಾರದವರು ಯಾರಾದರೂ ಇದ್ದಾರಾ ಎಂದು ಹುಡುಕತೊಡಗಿದ.

ಮಳೆ ಹೊಳವಾಗಿ ಬಿಸಿಲು ಬಿದ್ದಿತ್ತು. ಹೊಳೆಯ ನೀರಿನ ಮೇಲೆ ಕಪ್ಪಗಿನದೊಂದು ಮೆಲ್ಲನೆ ಸರಿಯುತ್ತಿತ್ತು. ಲೀಲಾಧರ ರೂಢಿಯಂತೆ ಹುಬ್ಬು ಗಂಟಿಕ್ಕಿ ನೋಡಿದ. ಆಮೇಲೆ ಹುಬ್ಬು ಸಡಿಲ ಬಿಟ್ಟ.

"ಮಂಜಯ್ಯ, ಅದ್ ಎಂತ ಕಾಣ್."

ಮಂಜಯ್ಯ ಪುಸ್ತಕದಿಂದ ತಲೆ ಎತ್ತಿ ನೋಡಿದ.

"ಮೋಡ" ಎಂದು ಹೇಳಿ ಮತ್ತೆ ಪುಟಕ್ಕೆ ತಲೆ ಬಗ್ಗಿಸಿದ.