ಮೇಷ್ಟ್ರು ಬಿದ್ದ ಗುಂಡಿ

ಕಾಲೇಜಿನ ಕ್ರೀಡಾಕೂಟ ಮತ್ತು ವಾರ್ಷಿಕೋತ್ಸವಕ್ಕೆ ಇನ್ನು ಹನ್ನೊಂದು ದಿನ ಇದೆ ಅನ್ನುವಾಗ ಪ್ರಿನ್ಸಿಪಾಲ್ ಜಯರಾಮಪ್ಪನವರು ಕೋದಂಡಪ್ಪನವರನ್ನು ಕರೆಸಿ, ಸುರಕ್ಷತಾ ಸಮಿತಿಯ ಸಂಚಾಲಕರನ್ನಾಗಿ ನೇಮಿಸಿದ್ದೇನೆ ಎಂದರು. ಸಮಿತಿಯಲ್ಲಿ ಇನ್ಯಾರಿದ್ದಾರೆ ಎಂದು ಕೋದಂಡಪ್ಪ ಕೇಳಿದರು. ಸದ್ಯಕ್ಕೆ ನೀವೇ ಎಂದರು ಪ್ರಿನ್ಸಿಪಾಲರು. ಸಭೆ ಕರೆಯುವ ತಾಪತ್ರಯವಾದರೂ ತಪ್ಪಿತಲ್ಲ ಅಂದುಕೊಂಡು ಕೋದಂಡಪ್ಪ ಹೊರಗೆ ಬಂದರು.

ಅದು ೧೯೮೬ರ ಡಿಸೆಂಬರು. ಕೋದಂಡಪ್ಪನವರು ಹೊನ್ನಾದ್ರಿ ಕಾಲೇಜಿನ ದೈಹಿಕ ಶಿಕ್ಷಣದ ಮೇಷ್ಟ್ರಾಗಿ ಹದಿನೇಳು ವರ್ಷವಾಗಿತ್ತು. ಬಂಗಾರಪೇಟೆಯ ಮಗ್ಗುಲಿನ ಹಳ್ಳಿಯವರು. ಬೆಳಿಗ್ಗೆ ಎರಡು ಹಸು ಕರೆದು, ಡೇರಿಗೆ ಹಾಲು ಹಾಕಿ, ಎಂಟರ ರೈಲು ಹಿಡಿದು ಉರಿಗಾಮಿನಲ್ಲಿ ಇಳಿದರೆ ಕಾಲೇಜಿಗೆ ಇಪ್ಪತ್ತು ನಿಮಿಷದ ನಡಿಗೆ. ಚಿನ್ನದ ಗಣಿಯ ಊರುಗಳಾದ ಉರಿಗಾಂ ಮತ್ತು ಚಾಂಪಿಯನ್ ರೀಫ್ಸ್ ನಡುವಿನ ದಿನ್ನೆಯ ಮೇಲೆ ಕಾಲೇಜು, ಅದರ ಹಿಂದೆ ಆಟದ ಮೈದಾನ, ಮೈದಾನದ ಮೂಡಣ ಮೂಲೆಯಲ್ಲಿ ಗುಂಡಿ.

ಬಿಳಿಯರ ಕಾಲದಲ್ಲಿ ಯಾರೋ ಚಿನ್ನ ಸಿಗುತ್ತದೇನೋ ಎಂದು ತೋಡಿ, ಸಿಗದೆ ಬಿಟ್ಟುಹೋದ ಗುಂಡಿ ಅದು. ಆಳ ಎಷ್ಟೆಂದು ಯಾರಿಗೂ ಗೊತ್ತಿರಲಿಲ್ಲ. ಬಾಯಿಗೆ ಮರದ ಹಲಗೆ ಹಾಕಿದ್ದರು, ಹಲಗೆಯ ಮೇಲೆ ಮಣ್ಣು ಕೂತು ಹುಲ್ಲು ಬೆಳೆದಿತ್ತು. ಸುತ್ತ ಇದ್ದ ಮುಳ್ಳುತಂತಿ ಯಾರದೋ ಮೇಕೆ ದೊಡ್ಡಿಗೆ ಹೋಗಿ ಸೇರಿ, ನಾಲ್ಕು ಕಲ್ಲುಕಂಬ ಮಾತ್ರ ಉಳಿದಿದ್ದವು.

ಇದನ್ನು ಮುಚ್ಚಿಸಿ ಎಂದು ಕೋದಂಡಪ್ಪ ನಾಲ್ಕು ವರ್ಷದಿಂದ ಕಾಗದ ಬರೆಯುತ್ತಿದ್ದರು. ಮೊದಲನೇ ಆಫೀಸಿನವರು, ಆ ಜಾಗ ನಮ್ಮ ನಕ್ಷೆಯಲ್ಲಿಲ್ಲ ಎಂದರು. ಎರಡನೆಯವರು, ಜಾಗ ನಮ್ಮ ನಕ್ಷೆಯಲ್ಲಿದೆ, ಗುಂಡಿ ಇಲ್ಲ ಎಂದರು. ಮೂರನೆಯವರು ಮಾತ್ರ ಮರ್ಯಾದೆಯಿಂದ, ತಮ್ಮ ಪತ್ರವನ್ನು ಸಂಬಂಧಪಟ್ಟವರಿಗೆ ಕಳಿಸಲಾಗಿದೆ ಎಂದು ಉತ್ತರ ಬರೆದರು. ವಿಚಾರಿಸಿದರೆ ಆ ಸಂಬಂಧಪಟ್ಟವರು ಮೊದಲನೇ ಆಫೀಸಿನವರೇ ಆಗಿದ್ದರು.

ಈಗ ತಾನೇ ಸುರಕ್ಷತೆಯ ಸಂಚಾಲಕನಾದ ಮೇಲೆ ಗುಂಡಿಗೊಂದು ಗತಿ ಕಾಣಿಸಬಹುದು ಅಂತ ಕೋದಂಡಪ್ಪನವರಿಗೆ ಒಂದು ದಿನದ ಮಟ್ಟಿಗೆ ಆಸೆ ಬಂತು. ಮಾರನೇ ದಿನ ನೋಟೀಸ್ ಬೋರ್ಡಿನಲ್ಲಿ ಪ್ರಿನ್ಸಿಪಾಲರ ಸುತ್ತೋಲೆ ಅಂಟಿತ್ತು. ಹಿಂದಿನ ವರ್ಷದ ವಾರ್ಷಿಕೋತ್ಸವದಲ್ಲಿ ಹೊರಗಿನ ಪುಂಡರು ನುಗ್ಗಿ, ಎರಡು ಟ್ಯೂಬ್‌ಲೈಟು ಒಡೆದು, ಅತಿಥಿಗಳ ಕುರ್ಚಿ ಎತ್ತಿಕೊಂಡು ಹೋಗಿದ್ದರು. ಪ್ರಿನ್ಸಿಪಾಲರು ಅದನ್ನು ಮರೆತಿರಲಿಲ್ಲ. ಮುಂದಿನ ಗೇಟಿಗೆ ಸರಿಯಾಗಿ ನಾಲ್ಕು ಗಂಟೆಗೆ ಬೀಗ. ವಿದ್ಯಾರ್ಥಿನಿಯರು ನಾಲ್ಕರ ನಂತರ ಆವರಣದಲ್ಲಿ ಇರಕೂಡದು, ಹಿಂದಿನ ಗೇಟಿನಿಂದ ಹೋಗತಕ್ಕದ್ದು. ಹೊತ್ತು ಸಾಲದ ಕಾರಣ ಹುಡುಗಿಯರ ನಾನೂರು ಮೀಟರ್ ಓಟ ರದ್ದು. ಕೋಲಾಟದ ಕೋಲುಗಳನ್ನು ಅಭ್ಯಾಸ ಮುಗಿದೊಡನೆ ಆಫೀಸಿಗೆ ಒಪ್ಪಿಸತಕ್ಕದ್ದು. ಗುಂಡಿಯ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಕೋದಂಡಪ್ಪ ನೇರವಾಗಿ ಒಳಗೆ ಹೋದರು.

"ಸಾರ್, ಹಿಂದಿನ ಗೇಟಿಂದ ಕಳಿಸಿದ್ರೆ ಹುಡುಗೀರು ಗುಂಡಿ ಪಕ್ಕದಲ್ಲೇ ಹೋಗ್ಬೇಕು."

"ದಾರಿ ಸುತ್ತಿಕೊಂಡು ಹೋಗಲಿ."

"ಕಾಮಸಮುದ್ರದ ಬಸ್ಸು ನಾಲ್ಕು ಇಪ್ಪತ್ತಕ್ಕೆ. ಸುತ್ತಿಕೊಂಡು ಹೋದ್ರೆ ಸಿಗಲ್ಲ. ಅಡ್ಡ ಹೋಗೇ ಹೋಗ್ತಾರೆ."

ಪ್ರಿನ್ಸಿಪಾಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕೋದಂಡಪ್ಪನವರೇ, ಆ ಗುಂಡಿ ನಾನು ಹುಟ್ಟೋಕೆ ಮುಂಚಿನಿಂದ ಇದೆ. ಇದುವರೆಗೆ ಅದರಲ್ಲಿ ಯಾರಾದರೂ ಬಿದ್ದಿದ್ದಾರಾ?"

"ಬಿದ್ದಿಲ್ಲ."

"ಪುಂಡರು ಬಂದಿದ್ದಾರಾ?"

"ಬಂದಿದ್ದಾರೆ."

"ಮತ್ತೆ?" ಎಂದು ಅವರು ಕನ್ನಡಕ ಹಾಕಿಕೊಂಡರು.

ಬೀಳುವವರೆಗೂ ಕಾಯಬೇಕು ಅನ್ನುವುದಾದರೆ ಸುರಕ್ಷತೆ ಎಂದು ಯಾಕೆ ಹೆಸರಿಡುತ್ತಾರೋ ಎಂದು ಗೊಣಗಿಕೊಳ್ಳುತ್ತ ಕೋದಂಡಪ್ಪ ಮೈದಾನಕ್ಕೆ ಹೋಗಿ, ಸುಣ್ಣದ ಪುಡಿ ತಂದು, ಗುಂಡಿಯ ಸುತ್ತ ಅಗಲವಾಗಿ ಒಂದು ಗೆರೆ ಎಳೆದರು. ಮಧ್ಯಾಹ್ನದ ಹೊತ್ತಿಗೆ ಮೇಕೆಗಳು ಅದರ ಮೇಲೆ ಓಡಾಡಿ ಗೆರೆ ಎಲ್ಲಿತ್ತೆಂದು ತಿಳಿಯದಂತಾಯಿತು.

ಗುರುವಾರ ನಾಲ್ಕು ಗಂಟೆಗೆ ಅಭ್ಯಾಸ ಮುಗಿಯಿತು. ಕಾಮಸಮುದ್ರದ ಆಚೆಯಿಂದ ಬರುತ್ತಿದ್ದ ಮುನಿರತ್ನ ಅನ್ನುವ ಹುಡುಗಿ ಡಿಸ್ಕಸ್ ಅನ್ನು ಕೋದಂಡಪ್ಪನವರ ಕೈಗೆ ಕೊಟ್ಟು, ಚಪ್ಪಲಿ ಮೆಟ್ಟಿಕೊಂಡು, ಗೆಳತಿ ಸುಬ್ಬಲಕ್ಷ್ಮಿಯ ಜೊತೆ ಓಡಿದಳು. ಎರಡನೇ ಬಿ.ಎ. ಓದುತ್ತಿದ್ದಳು. ಗಟ್ಟಿ ತೋಳಿನ ಹುಡುಗಿ, ಅವಳ ಎಸೆತಕ್ಕೆ ಕಾಲೇಜಿನಲ್ಲಿ ಸಾಟಿಯಾಗಿ ನಿಲ್ಲುವವಳು ಒಬ್ಬಳೇ ಇದ್ದಳು. ಹಿಂದಿನ ಗೇಟಿನ ಕಡೆ ಅವರು ಅಡ್ಡ ತಿರುಗಿದ್ದನ್ನು ಕಂಡು ಕೋದಂಡಪ್ಪ ಸೀಟಿ ಊದಿದರು. ಊದುತ್ತಿರುವಾಗಲೇ ಒಬ್ಬಳು ಕಾಣದಾದಳು.

ಅವರು ಓಡಿಬರುವಷ್ಟರಲ್ಲಿ ವಾಚ್‌ಮನ್ ಕುಪ್ಪುಸ್ವಾಮಿ ಅಲ್ಲಿದ್ದ. ಇಪ್ಪತ್ತೆಂಟು ವರ್ಷ ಗಣಿಯೊಳಗೆ ದುಡಿದು, ಕೆಮ್ಮು ಹತ್ತಿಸಿಕೊಂಡು, ಈಗ ಕಾಲೇಜಿನ ಗೇಟು ಕಾಯುತ್ತಿದ್ದವನು. ಮುನಿರತ್ನ ಎದೆಯವರೆಗೂ ಹಲಗೆಯೊಳಗೆ ಇಳಿದು, ಎರಡು ಮೊಣಕೈ ಊರಿ ನೇತಾಡುತ್ತಿದ್ದಳು. ಸುಬ್ಬಲಕ್ಷ್ಮಿ ಅವಳತ್ತ ಹೆಜ್ಜೆ ಇಟ್ಟಳು.

"ಯಾರೂ ಕಿಟ್ಟ ವರಾದೀಂಗ," ಎಂದು ತಮಿಳಿನಲ್ಲಿ ಕೂಗಿದ ಕುಪ್ಪುಸ್ವಾಮಿ, ಕೈ ಅಡ್ಡ ಹಿಡಿದು. "ಅತ್ರ ಬರಬೇಡಿ. ನಿಂತ್ಕೊಂಡು ಬಂದ್ರೆ ಎಲ್ಲಾ ಓಗ್ತಾರೆ."

ಅವನು ಹೊಟ್ಟೆಯ ಮೇಲೆ ಮಲಗಿ, ಉಡದ ಹಾಗೆ ತೆವಳಿಕೊಂಡು ಹೋದ. ಕೋದಂಡಪ್ಪ ಅವನ ಹಿಂದೆ ಮಲಗಿ ಕಾಲು ಹಿಡಿದುಕೊಂಡರು. ಕುಪ್ಪುಸ್ವಾಮಿ ಹುಡುಗಿಯ ಎರಡೂ ಕಂಕುಳಿಗೆ ಕೈ ಕೊಟ್ಟು ಎಳೆದ. ಹಲಗೆ ಲಟಕ್ಕೆಂದು ಇನ್ನೊಂದಿಷ್ಟು ಮುರಿಯಿತು. ಅವಳು ಹೊರಗೆ ಬಂದು ಬಿದ್ದಾಗ ಎಡ ಮೊಣಕಾಲಿನ ಕೆಳಗೆ ಚರ್ಮ ಗೇಣುದ್ದ ಸುಲಿದುಹೋಗಿತ್ತು. ಕುಪ್ಪುಸ್ವಾಮಿಗೆ ಕೆಮ್ಮು ಶುರುವಾಗಿ ಬಹಳ ಹೊತ್ತು ನಿಲ್ಲಲಿಲ್ಲ.

ಕೋದಂಡಪ್ಪನವರ ಮನಸ್ಸಿನ ಒಂದು ಮೂಲೆಯಲ್ಲಿ, ಈಗೇನು ಹೇಳುತ್ತಾರೋ ನೋಡೋಣ ಅನ್ನುವ ಮಾತು ಎದ್ದಿತು. "ನಡಿಯಮ್ಮ, ಪ್ರಿನ್ಸಿಪಾಲರ ಹತ್ರ ಹೋಗೋಣ," ಎಂದರು.

ಮುನಿರತ್ನ ಲಂಗ ಕೆಳಗೆಳೆದು ಗಾಯ ಮುಚ್ಚಿಕೊಂಡಳು. "ಬ್ಯಾಡ ಸಾರ್."

"ಯಾಕೆ?"

"ಅಪ್ಪಂಗೆ ಗೊತ್ತಾದ್ರೆ ನಾಳೆಯಿಂದ ಕಾಲೇಜಿಗೆ ಕಳ್ಸಲ್ಲ. ಮೊದಲೇ ಕಳ್ಸಾಕೆ ಇಷ್ಟ ಇಲ್ಲ. ನಮ್ಮೂರಿಂದ ಬರೋಳು ನಾನೊಬ್ಳೇ." ಅವಳು ಅಳುತ್ತಿರಲಿಲ್ಲ. "ನಾನು ಬಿದ್ದೇ ಇಲ್ಲ ಅನ್ನಿ ಸಾರ್."

ಪ್ರಿನ್ಸಿಪಾಲರಿಗೆ ಗೊತ್ತಾದರೂ ಅಷ್ಟೇ ಎಂದು ಕೋದಂಡಪ್ಪನವರಿಗೆ ಹೊಳೆಯಿತು. ಗುಂಡಿ ಮುಚ್ಚುವುದಿರಲಿ, ಹುಡುಗಿಯರು ಮೈದಾನಕ್ಕೆ ಕಾಲಿಡಕೂಡದು ಎಂದು ಇನ್ನೊಂದು ಸುತ್ತೋಲೆ ಹೊರಡುತ್ತದೆ. ಕುಪ್ಪುಸ್ವಾಮಿಯ ಬಳಿ ಇದ್ದ ಅರಿಶಿನ ಹಚ್ಚಿಸಿ, ಉರಿಗಾಮಿನ ಡಾಕ್ಟರ ಹತ್ತಿರ ಸೂಜಿ ಹಾಕಿಸಿ, ಅವಳನ್ನು ಮುಂದಿನ ಬಸ್ಸಿಗೆ ಹತ್ತಿಸಿದರು. ಬಸ್ಸು ತಪ್ಪಿತು ಅನ್ನು, ಅದು ನಿಜವೇ ಎಂದು ಹೇಳಿ ಕಳಿಸಿದರು.

ಮನೆಗೆ ಹೋಗುವ ರೈಲಿನಲ್ಲಿ ಅವರಿಗೆ ಮೈಯೆಲ್ಲ ಉರಿಯಿತು. ನಾಲ್ಕು ವರ್ಷ ಕಾಗದ ಬರೆದು, ಕೊನೆಗೆ ಯಾರೂ ಬಿದ್ದಿಲ್ಲವಲ್ಲ ಅನ್ನುವ ಉತ್ತರ ಕೇಳಿದ್ದಾಯಿತು. ಈಗ ಬಿದ್ದಿದ್ದಾರೆ, ಹೇಳುವ ಹಾಗಿಲ್ಲ. ಹೇಳದಿದ್ದರೆ ಇನ್ನೊಬ್ಬಳು ಬೀಳುತ್ತಾಳೆ, ಆಗ ಕುಪ್ಪುಸ್ವಾಮಿ ಪಕ್ಕದಲ್ಲಿ ಇರುತ್ತಾನೆಂದು ಏನು ಖಾತ್ರಿ? ಯಾರಾದರೂ ಬಿದ್ದಿರಬೇಕು. ಬಿದ್ದವರು ಕಾಲೇಜು ಬಿಡಬೇಕಾದವರು ಆಗಿರಬಾರದು. ಕೋರಮಂಡಲ್ ಸ್ಟೇಷನ್ ದಾಟುವಾಗ ಅವರು ತಮ್ಮ ಕಾಲನ್ನೇ ನೋಡಿಕೊಂಡರು.

ಬೆಳಿಗ್ಗೆ ಹಿತ್ತಿಲಿನಲ್ಲಿ ಇಟ್ಟಿಗೆಯ ಚೂರಿನಿಂದ ಮೊಣಕಾಲಿನ ಕೆಳಗೆ ಉಜ್ಜಿಕೊಳ್ಳುತ್ತಿದ್ದಾಗ ಹೆಂಡತಿ ವರಲಕ್ಷ್ಮಮ್ಮ ಹಾಲಿನ ಚೆಂಬು ಹಿಡಿದು ಬಂದು ನಿಂತಳು.

"ಏನ್ ಮಾಡ್ತಿದ್ದೀರಾ?"

"ಗುಂಡಿಗೆ ಬೀಳ್ತಿದ್ದೀನಿ."

ಹದಿನೇಳು ವರ್ಷದಿಂದ ಕಾಲೇಜಿನ ಕಥೆ ಕೇಳಿದವಳು ಅವಳು. "ರಕ್ತ ಬಂತಲ್ಲ, ಸಾಕು ಬಿಡಿ," ಎಂದು ಬಟ್ಟೆ ತಂದುಕೊಟ್ಟಳು.

ಅಪಘಾತದ ರಿಜಿಸ್ಟರಿನಲ್ಲಿ ಕೋದಂಡಪ್ಪ ಸ್ವಂತ ಕೈಯಲ್ಲಿ ಬರೆದರು: ಗುರುವಾರ ಸಂಜೆ ನಾಲ್ಕು ಗಂಟೆಗೆ, ಸುರಕ್ಷತೆಯ ಪರಿಶೀಲನೆ ಮಾಡುತ್ತಿದ್ದಾಗ, ಸದರಿ ಗುಂಡಿಯಲ್ಲಿ ನಾನು ಬಿದ್ದೆ. ಕುಪ್ಪುಸ್ವಾಮಿ ಸಾಕ್ಷಿ ಹಾಕಿದ. ಅದರ ನಕಲು ಮೂರೂ ಆಫೀಸಿಗೆ ಹೋಯಿತು, ಕರ್ತವ್ಯದ ಮೇಲಿದ್ದ ನೌಕರನಿಗೆ ಪೆಟ್ಟಾಗಿದೆ, ಮುಂದಿನ ಕ್ರಮಕ್ಕೆ ವಕೀಲರನ್ನು ಕೇಳಲಾಗುತ್ತಿದೆ ಅನ್ನುವ ಒಂದು ಸಾಲಿನ ಜೊತೆ. ಆ ವಕೀಲರು ಯಾರೆಂದು ಕೋದಂಡಪ್ಪನವರಿಗೂ ಗೊತ್ತಿರಲಿಲ್ಲ.

ಮಧ್ಯಾಹ್ನಕ್ಕೆ ಇಡೀ ಕಾಲೇಜಿಗೆ ಸುದ್ದಿ ಹಬ್ಬಿತು. ಗುಂಡಿ ಇದೆ, ಗುಂಡಿ ಇದೆ ಎಂದು ನಾಲ್ಕು ವರ್ಷ ಸಾರಿದ ಮನುಷ್ಯ ತಾನೇ ಹೋಗಿ ಬಿದ್ದ ಎಂದರೆ ಯಾರಿಗೆ ನಗು ಬರುವುದಿಲ್ಲ? ಸ್ಟಾಫ್ ರೂಮಿನಲ್ಲಿ ಅವರು ಒಳಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಲಾಂಗ್ ಜಂಪ್ ಕಲಿಸುವಾಗ ಹುಡುಗರು, "ಸಾರ್, ಜೋಪಾನ, ಮರಳಿನ ಗುಂಡಿ," ಎಂದು ಕೈ ಹಿಡಿದರು. ವಿದ್ಯಾರ್ಥಿ ಸಂಘದ ಕಾರ್ಯದರ್ಶಿ ಆರುಮುಗಂ ಮಾತ್ರ ಗಂಭೀರವಾಗಿ ಬಂದು, ವಾರ್ಷಿಕೋತ್ಸವದ ನಾಟಕದಲ್ಲಿ ಇದನ್ನೊಂದು ದೃಶ್ಯ ಮಾಡಬಹುದಾ ಎಂದು ಅನುಮತಿ ಕೇಳಿದ. ಮುನಿರತ್ನ ದೂರದಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಅವಳ ಮುಖ ನೋಡಿ ಕೋದಂಡಪ್ಪ, "ಮಾಡ್ಕೋ ಹೋಗು," ಎಂದರು.

ಪ್ರಿನ್ಸಿಪಾಲರು ಮೆಮೊ ಕೊಟ್ಟರು. ಸಂಚಾಲಕರೇ ಇಂಥ ಅಜಾಗರೂಕತೆ ತೋರಿದ್ದೇಕೆ ಎಂಬುದಕ್ಕೆ ಮೂರು ದಿನದೊಳಗೆ ವಿವರಣೆ ನೀಡತಕ್ಕದ್ದು. ಕೋದಂಡಪ್ಪ ಅದನ್ನು ಎರಡು ಸಲ ಓದಿದರು, ಮಡಿಸಿ ಜೇಬಿಗಿಟ್ಟರು.

ಆದರೆ ವಕೀಲರು ಅನ್ನುವ ಪದ ಕೆಲಸ ಮಾಡಿತ್ತು. ಸೋಮವಾರ ಮೂರೂ ಆಫೀಸಿನಿಂದ ಒಬ್ಬೊಬ್ಬರು ಬಂದು ಗುಂಡಿಯ ಸುತ್ತ ನಿಂತರು. ಗುಂಡಿ ಯಾರದೆಂದು ಆಗಲೂ ತೀರ್ಮಾನವಾಗಲಿಲ್ಲ. ಮುಚ್ಚುವುದರಿಂದ ತಮ್ಮದೆಂದು ಒಪ್ಪಿಕೊಂಡ ಹಾಗಾಗುವುದಿಲ್ಲ ಎಂದು ಮೂವರೂ ಒಂದೇ ಕಾಗದಕ್ಕೆ ರುಜು ಮಾಡಿದರು. ಬುಧವಾರ ಲಾರಿಯಲ್ಲಿ ಹಳೇ ಕಂಬಿ, ಜಲ್ಲಿ, ಸಿಮೆಂಟು ಬಂತು. ಕುಪ್ಪುಸ್ವಾಮಿ ಮೇಸ್ತ್ರಿಯ ಪಕ್ಕದಲ್ಲೇ ಕೂತು, ಕಂಬಿ ಅಡ್ಡ ಹಾಕಬೇಕಾದ್ದು ಹೀಗಲ್ಲ ಹಾಗೆ ಎಂದು ಎರಡು ದಿನ ಅವನ ತಲೆ ತಿಂದ.

ಕ್ರೀಡಾಕೂಟದ ಬೆಳಿಗ್ಗೆ ಕೋದಂಡಪ್ಪ ಡಿಸ್ಕಸ್ ವೃತ್ತಕ್ಕೆ ಸುಣ್ಣ ಹಾಕುತ್ತಿದ್ದಾಗ ಪಂಚೆ ಉಟ್ಟು ತಲೆಗೆ ಟವೆಲು ಸುತ್ತಿದ ಒಬ್ಬರು ಬಂದು ಎದುರಿಗೆ ನಿಂತರು.

"ನೀವೇನಾ ಗುಂಡಿಗೆ ಬಿದ್ದ ಮೇಷ್ಟ್ರು?"

"ನಾನೇ."

"ನಾನು ಸೊಣ್ಣಪ್ಪ ಅಂತ. ಕಾಮಸಮುದ್ರದಿಂದ ಆಚೆ. ನಮ್ಮುಡುಗಿ ಮುನಿರತ್ನ ಇಲ್ಲೇ ಓದ್ತೈತೆ. ಬಸ್ಸಾಗೆ ಏಳ್ತಿದ್ರು, ಕಾಲೇಜ್ನಾಗೆ ಗುಂಡಿ ಐತಂತೆ, ಮೇಷ್ಟ್ರೇ ಬಿದ್ಬುಟ್ರಂತೆ ಅಂತ. ಅದ್ಕೇ ಬಂದೆ. ಉಡುಗೀನ ಬಿಡಿಸ್ಕೊಂಡು ಓಗೋದೇ ವಾಸಿ ಅನ್ನುಸ್ತು."

ಕೋದಂಡಪ್ಪ ಸುಣ್ಣದ ಡಬ್ಬಿ ಕೆಳಗಿಟ್ಟರು. ಯಾವುದನ್ನು ತಪ್ಪಿಸಲು ಇಟ್ಟಿಗೆಯಿಂದ ಕಾಲು ಉಜ್ಜಿಕೊಂಡದ್ದೋ ಅದೇ ಟವೆಲು ಸುತ್ತಿಕೊಂಡು ಬಂದು ನಿಂತಿತ್ತು. "ಬನ್ನಿ ನನ್ ಜೊತೆ," ಎಂದು ಸೊಣ್ಣಪ್ಪನವರ ತೋಳು ಹಿಡಿದು ಮೂಡಣ ಮೂಲೆಗೆ ಕರೆದುಕೊಂಡು ಹೋದರು. ಹೊಸ ಸಿಮೆಂಟಿನ ಚಪ್ಪಡಿಯ ಮೇಲೆ ಹತ್ತಿ ನಿಂತರು. ಸಾಲದೆಂದು, ಐವತ್ತರ ಹತ್ತಿರದ ಮೈಯನ್ನು ಎತ್ತಿ ನಾಲ್ಕು ಸಲ ಕುಣಿದರು. "ನೀವೂ ಹತ್ತಿ."

ಸೊಣ್ಣಪ್ಪ ಚಪ್ಪಲಿ ಬಿಟ್ಟು ಹತ್ತಿದರು. ಹಿಮ್ಮಡಿಯಿಂದ ಗುದ್ದಿ ನೋಡಿದರು. ಬಗ್ಗಿ ಅಂಚನ್ನು ಕೈಯಿಂದ ಸವರಿದರು.

"ಗಟ್ಟಿ ಐತೆ," ಎಂದರು. ಆಮೇಲೆ ಮರುಕದಿಂದ ಕೋದಂಡಪ್ಪನವರ ಮುಖ ನೋಡಿ, "ಒಂದ್ ಮಾತು, ಬ್ಯಾಸ್ರ ಮಾಡ್ಕಬ್ಯಾಡಿ. ನಮ್ಮುಡುಗಿ ಅಸ ಮೇಯ್ಸಿ ಬೆಳ್ದೋಳು, ಕಣ್ಣು ನೆಟ್ಟಗವೆ. ನಿಮ್ಮಂಗೆ ಬೀಳೋಳಲ್ಲ. ನೀವು ವಸಿ ನೋಡ್ಕೊಂಡು ಓಡಾಡಿ."

ಕೋದಂಡಪ್ಪನವರ ನಾಲಗೆಯ ತುದಿಗೆ ಬಂದದ್ದು ಗಂಟಲಿಗಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. "ಆಗಲಿ," ಎಂದರು.

ಹತ್ತು ಗಂಟೆಗೆ ಹುಡುಗಿಯರ ಡಿಸ್ಕಸ್. ಮುನಿರತ್ನ ಅಪ್ಪನನ್ನು ಕಂಡು ಬೆಚ್ಚಿದಳು, ಕೋದಂಡಪ್ಪ ಏನೂ ಇಲ್ಲವೆಂದು ಕಣ್ಣಿನಲ್ಲೇ ಹೇಳಿದರು. ಎಡಗಾಲಿನ ಮೇಲೆ ತಿರುಗುವಾಗ ಅವಳ ಮುಖ ಹಿಂಡಿತು, ಆದರೂ ಎಸೆದಳು. ಎರಡನೇ ಸ್ಥಾನ ಬಂತು.

"ಮೊದಲ್ನೇದು ಯಾಕೆ ಬರಲಿಲ್ಲ?" ಸೊಣ್ಣಪ್ಪ ಬೆನ್ನ ಹಿಂದಿನಿಂದ ಕೇಳಿದರು.

"ಅಭ್ಯಾಸ ಸಾಲ್ದು. ನಾಲ್ಕು ಗಂಟೆಗೇ ಮನೆಗೆ ಕಳಿಸ್ತೀವಲ್ಲ."

"ಯಾಕಂತೆ?"

"ಸುರಕ್ಷತೆ ಅಂತ."

ಸೊಣ್ಣಪ್ಪ ತಲೆಯ ಟವೆಲು ಬಿಚ್ಚಿ ಹೆಗಲಿಗೆ ಹಾಕಿಕೊಂಡರು. "ಐದೂವರೆಗೆ ಇನ್ನೊಂದ್ ಬಸ್ಸೈತೆ. ಡೇರಿಗೆ ಆಲು ಆಕೋರೆಲ್ಲ ಅದ್ರಾಗೇ ಬತ್ತಾರೆ, ನಮ್ಮೂರೋರೇ. ಅದ್ರಾಗೆ ಕಳ್ಸಿ."

"ಬರೆದು ಕೊಡ್ತೀರಾ?"

"ಬಾಯ್ ಮಾತು ಸಾಲ್ದಾ?"

"ಇಲ್ಲಿ ಸಾಲಲ್ಲ."

"ಬರೀರಿ ಮತ್ತೆ, ರುಜು ಆಕ್ತೀನಿ," ಎಂದರು ಸೊಣ್ಣಪ್ಪ. ಬೇರೆ ಕಾಗದ ಹುಡುಕಲು ಕೋದಂಡಪ್ಪನವರಿಗೆ ಪುರುಸೊತ್ತಿರಲಿಲ್ಲ. ಡಿಸ್ಕಸ್ ಅಂಕಪಟ್ಟಿಯನ್ನೇ ತಿರುಗಿಸಿ, ಮೊಣಕಾಲಿನ ಮೇಲಿಟ್ಟುಕೊಂಡು, ಸೊಣ್ಣಪ್ಪನವರು ಮನಸ್ಸು ಬದಲಾಯಿಸುವ ಮುಂಚೆ ಒಪ್ಪಿಗೆ ಪತ್ರ ಬರೆಯತೊಡಗಿದರು.