ಶುರು ಕಾಣದ ಸ್ವರ

ಗಿಟಾರ್ ಅಂದರೆ ಗಲಾಟೆ ಎಂದುಕೊಂಡವರಿಗೆ ನಾನು ಏನೂ ಹೇಳುವುದಿಲ್ಲ. ಹೇಳಿ ಹೇಳಿ ಬಾಯಿ ನೋವು ಬಂದಿದೆ. ನಾನು ನುಡಿಸುವುದು ನಾಟಕದ ಹಿಂದೆ ಬೀಸುವ ಗಾಳಿ. ತಂತಿ ಮೀಟುವ ಹೊತ್ತಿಗೆ ಗಿಟಾರಿನ ವಾಲ್ಯೂಮು ಸೊನ್ನೆಯಲ್ಲಿರಬೇಕು. ಮೀಟಿದ ‘ಟಿಂಗ್’ ಯಾರ ಕಿವಿಗೂ ಬೀಳಬಾರದು. ಆಮೇಲೆ ಕಿರುಬೆರಳಿನಿಂದ ಆ ವಾಲ್ಯೂಮಿನ ಗುಬುಟನ್ನು ಮೆಲ್ಲಗೆ ತಿರುಗಿಸುತ್ತ ಬಂದರೆ ಸ್ವರ ಎಲ್ಲಿಂದಲೋ ಉಬ್ಬಿಕೊಂಡು ಬರುತ್ತದೆ. ಕಾಲ ಬಳಿಯ ಪ್ರತಿಧ್ವನಿಯ ಡಬ್ಬಿ ಅದನ್ನು ಹಿಡಿದು ಮತ್ತೆ ಮತ್ತೆ ಹರಡುತ್ತದೆ. ಕೇಳುವವರಿಗೆ ಅದು ಗಿಟಾರೋ ಪಿಟೀಲೋ ಗೊತ್ತಾಗುವುದಿಲ್ಲ. ಗೊತ್ತಾಗಬಾರದು, ಅದೇ ನನ್ನ ಕಸುಬು.

ಆದರೆ ನುಡಿಸಿದವನಿಗೇ ಗೊತ್ತಾಗದೆ ಹೋದರೆ ಏನು ಮಾಡುವುದು? ಈ ಸಲ ಆದದ್ದು ಅದೇ.

ನಾನೂ ನನ್ನ ಅಕ್ಕನೂ ಒಂದೇ ಮನೆಯಲ್ಲಿದ್ದೇವೆ. ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಮೇಜು, ಅದಕ್ಕೆ ಒತ್ತಿಕೊಂಡು ನನ್ನ ಸ್ಟೂಲು. ಆ ಕೋಣೆಗೆ ಇರುವುದು ಒಂದೇ ಪ್ಲಗ್ಗು, ಅದು ಮೇಜಿನ ಕಾಲ ಹತ್ತಿರ. ಹಾಗಾಗಿ ನನ್ನ ಗಿಟಾರಿನ ಬೆನ್ನು ಯಾವಾಗಲೂ ಅವಳ ಮೇಜಿನ ಅಂಚಿಗೆ ಒರಗಿರುತ್ತದೆ. ನಾಟಕದ ತಂಡಕ್ಕೆ ಬಟ್ಟೆ ಹೊಲಿಯುವುದು ಅವಳು, ಸದ್ದು ಹೊಲಿಯುವುದು ನಾನು. ನನಗೆ ಕೋಪ ಮೂಗಿನ ತುದಿಯಲ್ಲಿ. ಅವಳಿಗೆ ಮಾತು ಕಡಿಮೆ, ಏಕೆಂದರೆ ಬಾಯಿಯ ತುಂಬ ಸದಾ ಗುಂಡುಪಿನ್ನುಗಳು. ನುಂಗಿಬಿಟ್ಟೀಯ ಎಂದು ನಾನು ಬೈಯದ ದಿನವಿಲ್ಲ.

ಇದೇ ಬಾಯಿ ಒಂದು ಕಾಲದಲ್ಲಿ ಹಾಡುತ್ತಿತ್ತು. ನಮ್ಮ ಬ್ಯಾಂಡಿಗೆ ಹೆಸರು ಬಂದದ್ದು ಅವಳ ಗಂಟಲಿನಿಂದ, ನನ್ನ ಬೆರಳಿನಿಂದಲ್ಲ. ಆಮೇಲೆ ಕುತ್ತಿಗೆಯ ಗಂಟಿಗೆ ಆಪರೇಷನ್ ಆಯಿತು. ಗಂಟು ಹೋಯಿತು, ಜೀವ ಉಳಿಯಿತು, ಸ್ವರವೂ ಉಳಿಯಿತು ಎಂದರು ಡಾಕ್ಟರು. ಉಳಿಯಿತು ನಿಜ. ಆದರೆ ಪ್ರತಿ ಸಲ ಶುರುವಿನಲ್ಲಿ ಒಡೆಯುತ್ತಿತ್ತು. ತುಕ್ಕು ಹಿಡಿದ ಬಾಗಿಲು ತೆಗೆದ ಹಾಗೆ ಮೊದಲು ಒಂದು ಕರ್ರ್, ಆಮೇಲೆ ಹಳೆಯ ಸ್ವರ. ಕನ್ನಡಿಯ ಮುಂದೆ ನಿಂತು ಒಮ್ಮೆ ಹಾಡಿ ನೋಡಿದಳು. “ಮುಗೀತು ಬಿಡು” ಎಂದಳು. ಅಂದಿನಿಂದ ಮನೆಯಲ್ಲಿ ಹಾಡಿನ ಮಾತೇ ಇಲ್ಲ. ಯಾರಾದರೂ ಎತ್ತಿದರೆ ಎದ್ದು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯಲು ನಿಲ್ಲುತ್ತಾಳೆ, ತೊಳೆದ ಪಾತ್ರೆಗಳನ್ನೇ. ನಾನೂ ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಹೊಸ ನಾಟಕದ ಕೊನೆಯ ದೃಶ್ಯದಲ್ಲಿ ದೋಣಿ ನಡೆಸುವ ಹೆಂಗಸೊಬ್ಬಳು ಮಂಜಿನಲ್ಲಿ ದಡ ಕಾಣದೆ ಕುಳಿತಿರುತ್ತಾಳೆ. ಅದಕ್ಕೆ ಸದ್ದು ಬೇಕು ಎಂದರು ಡೈರೆಕ್ಟರಮ್ಮ. ಮಂಜು ಯಾವ ಗಳಿಗೆಯಲ್ಲಿ ಶುರುವಾಯಿತು ಎಂದು ಯಾರಿಗೂ ತಿಳಿಯದ ಹಾಗೆ ಬರಬೇಕಂತೆ. ಅಷ್ಟು ಹೇಳಿ ಅವರು ಹೋದರು, ತಲೆಗೆ ಹುಳ ನನಗೆ.

ಮನೆಯಲ್ಲೇ ರೆಕಾರ್ಡ್ ಮಾಡಿದೆ. ಸ್ಪೀಕರಿಲ್ಲ, ಮೈಕಿಲ್ಲ. ಗಿಟಾರಿನಿಂದ ವೈರು ನೇರ ಡಬ್ಬಿಗಳಿಗೆ, ಡಬ್ಬಿಗಳಿಂದ ರೆಕಾರ್ಡರಿಗೆ. ನನ್ನ ಕಿವಿಗೆ ಹೆಡ್‌ಫೋನು. ಅಕ್ಕ ಪಕ್ಕದಲ್ಲಿ ಮೇಜಿನ ಮೇಲೆ ಬಗ್ಗಿ ದೋಣಿಯವಳ ಲಂಗದ ಅಂಚು ಮಡಚಿ ಕೈಹೊಲಿಗೆ ಹಾಕುತ್ತಿದ್ದಳು. ಒಂದು ತಾಸು ನುಡಿಸಿ, ಕೇಳಿಯೂ ನೋಡದೆ ಕಳಿಸಿಬಿಟ್ಟೆ. ನುಡಿಸುವಾಗಲೇ ಕೇಳಿಸಿಕೊಂಡಿದ್ದೇನಲ್ಲ ಎಂಬ ಸೊಕ್ಕು.

ಡೈರೆಕ್ಟರಮ್ಮ ಫೋನಿನಲ್ಲಿ ಅತ್ತರು. ಅಳುವ ಜಾತಿಯಲ್ಲ ಆಕೆ. ನಟರು ಅಳುವಾಗಲೂ ಗಡಿಯಾರ ನೋಡುವವರು. ನಡುವೆ ಒಂದು ಕಡೆ ಸ್ವರಕ್ಕೆ ಜೀವ ಬರುತ್ತದಂತೆ, ಯಾರೋ ಮಂಜಿನೊಳಗೆ ಇದ್ದಾರೆ ಅನ್ನಿಸುತ್ತದಂತೆ. ಅದೇ ಬೇಕು, ಅದೇ ರಂಗದ ಮೇಲೆ ನಟಿಯ ಉಸಿರು ನೋಡಿಕೊಂಡು ನುಡಿಸಬೇಕು, ರೆಕಾರ್ಡ್ ಹಾಕಿದರೆ ಬಾಗಿಲ ಹೊರಗೆ ನಿಲ್ಲಿಸುತ್ತೇನೆ ಎಂದರು. ಆಗಲಿ ಎಂದೆ. ಆಮೇಲೆ ಕುಳಿತು ಕೇಳಿದೆ.

ನನ್ನ ಸ್ವರದ ಬೆನ್ನಿಗೆ ಇನ್ನೊಂದು ಸ್ವರವಿತ್ತು. ನಾನು ಮೀಟಿದ ಸ್ವರ ಉಬ್ಬಿ ಇಳಿಯುವಾಗ ಇದು ಅದರ ಕೆಳಗಿನಿಂದ ಎದ್ದು, ಸ್ವಲ್ಪ ನಡುಗಿ, ಇನ್ನೂ ಮುಂದಕ್ಕೆ ಹೋಗುತ್ತಿತ್ತು. ನುಡಿಸುವಾಗ ಕೇಳಿದ್ದೆ, ಪ್ರತಿಧ್ವನಿಯ ಡಬ್ಬಿಯ ಚೇಷ್ಟೆ ಎಂದುಕೊಂಡಿದ್ದೆ. ಈಗ ಹೌದೋ ಅಲ್ಲವೋ ತಿಳಿಯಲಿಲ್ಲ. ಎಲ್ಲ ಗುಬುಟುಗಳನ್ನೂ ಹಾಗೆಯೇ ಇಟ್ಟು ನಾಟಕದ ಹಾಲಿನಲ್ಲಿ ನುಡಿಸಿದರೆ ಆ ಸ್ವರವೂ ಇಲ್ಲ, ಜೀವವೂ ಇಲ್ಲ. ಬದಲಿಗೆ ಸ್ಪೀಕರು ಕೀ ಎಂದು ಕಿರುಚಿತು. ನಟಿ ಕಿವಿ ಮುಚ್ಚಿಕೊಂಡಳು. ನಾನು ಹಾಲನ್ನು ಬೈದೆ, ಸ್ಪೀಕರನ್ನು ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಪರದೆ ಎಳೆಯುವವನು ನನಗೆ ಕೇಳುವಷ್ಟೇ ಮೆಲ್ಲಗೆ ಹೇಳಿದ.

ಕಿರುಚುವುದು ನಿಲ್ಲಲಿ ಎಂದು ಗಿಟಾರನ್ನು ಶಾಕ್‌ನ ರಿಪೇರಿ ಅಂಗಡಿಗೆ ಕೊಟ್ಟೆ. ಶಾಕ್ ಎಂಬುದು ಅವನ ಹೆಸರಲ್ಲ. ಪ್ಲಗ್ಗು ಕೀಳದೆ ಆಂಪ್ಲಿಫೈಯರು ಬಿಚ್ಚುವ ಚಟ ಅವನಿಗೆ, ಹಾಗಾಗಿ ಊರು ಇಟ್ಟ ಹೆಸರು. ಮರುದಿನ ಗಿಟಾರು ಬಂತು. ಹಾಲಿನಲ್ಲಿ ಕಿರುಚಲಿಲ್ಲ. ಆದರೆ ಈಗ ಮನೆಯಲ್ಲೂ, ಅದೇ ಸ್ಟೂಲಿನ ಮೇಲೆ, ಅದೇ ಪ್ಲಗ್ಗಿಗೆ ಹಾಕಿ ನುಡಿಸಿದರೂ ಆ ಇನ್ನೊಂದು ಸ್ವರ ಬರಲಿಲ್ಲ. ಬೆರಳು ಬದಲಿಸಿದೆ, ತಂತಿ ಬದಲಿಸಿದೆ, ಡಬ್ಬಿಗಳ ಸಾಲು ಹಿಂದುಮುಂದು ಮಾಡಿದೆ. ಪಕ್ಕದಲ್ಲಿ ಅಕ್ಕ ಪಿನ್ನು ಕಚ್ಚಿಕೊಂಡು ಹೊಲಿಯುತ್ತಲೇ ಇದ್ದಳು. ಏನೋ ಹುಡುಕ್ತಿದ್ದೀಯ ಎಂಬಂತೆ ಒಮ್ಮೆ ಹುಬ್ಬು ಎತ್ತಿದಳು. ನಿನಗೆ ತಿಳಿಯೋದಲ್ಲ ಎಂದು ಸಿಡುಕಿದೆ.

ಶಾಕ್‌ನ ಅಂಗಡಿಗೆ ಹೋಗಿ ಅವನ ಮೇಲೆ ಹಾರಾಡಿದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೀಯ ಎಂದೆ. ಅವನು ಬೆಸುಗೆ ಹಾಕುವ ಬಿಸಿ ಕಡ್ಡಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ತಾನು ಮಾಡಿದ್ದೇನು ಎಂದು ವಿವರಿಸಿದ. ತಂತಿಗಳ ಕೆಳಗೆ ಅವುಗಳ ನಡುಕ ಹಿಡಿಯುವ ಪಿಕಪ್ ಇರುತ್ತದಲ್ಲ, ಅದರೊಳಗಿನ ಸುರುಳಿ ಹಳತಾಗಿ ಸಡಿಲವಾಗಿತ್ತು. ಸಡಿಲವಾದ ಸುರುಳಿ ತಂತಿಯನ್ನಷ್ಟೇ ಹಿಡಿಯದೆ ಸುತ್ತಲಿನ ಸದ್ದನ್ನೂ ಮೈಕಿನ ಹಾಗೆ ಹಿಡಿಯುತ್ತದೆ. ಅದಕ್ಕೇ ಸ್ಪೀಕರ್ ಎದುರು ಕಿರುಚುತ್ತಿದ್ದದ್ದು. ಅವನು ಅದನ್ನು ಕರಗಿಸಿದ ಮೇಣದಲ್ಲಿ ಅದ್ದಿ ಬಿಗಿ ಮಾಡಿದ್ದ.

“ನಿನ್ನ ಪಿಕಪ್ಪಿಗೆ ಕಿವಿ ಬಂದಿತ್ತು ಕಣಯ್ಯಾ. ನಾನು ಆ ಕಿವಿ ಮುಚ್ಚಿದೆ, ಅಷ್ಟೆ. ಅದು ಏನು ಕೇಳಿಸ್ಕೊಳ್ತಿತ್ತು ಅನ್ನೋದು ನಿನಗೆ ಗೊತ್ತಿರಬೇಕು.”

ನನಗೆ ಗೊತ್ತಿರಲಿಲ್ಲ. ಏನು ಕೇಳಿಸಿಕೊಂಡಿರಬಹುದು? ಬೀದಿಯ ಬಸ್ಸೇ? ನೀರಿನ ಪಂಪೇ? ಮನೆಗೆ ಬಂದು ರೆಕಾರ್ಡನ್ನು ಮತ್ತೆ ಹಾಕಿ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಆ ಸ್ವರ ಎದ್ದಿತು, ನಡುಗಿತು, ಮುಗಿಯಿತು. ಮುಗಿದ ಮೇಲೆ ಒಂದು ಉಸಿರು. ಪಂಪು ಉಸಿರೆಳೆಯುವುದಿಲ್ಲ. ಉಸಿರಿನ ಜೊತೆಗೆ ಕಿಣಿ ಎಂಬ ಚೂರು ಸದ್ದು, ಹಲ್ಲಿಗೆ ಪಿನ್ನು ತಾಗಿದ್ದು.

ನಾನು ಹೆಡ್‌ಫೋನ್ ತೆಗೆದು ಅಕ್ಕನನ್ನು ನೋಡಿದೆ. ಅವಳು ಗುಂಡಿಗೆ ದಾರ ಸುತ್ತುತ್ತಿದ್ದಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದೆನಲ್ಲ, ಮಂಕುದಿಣ್ಣೆ ನಾನು. ಅಳು ಬಂತು, ನಗೆಯೂ ಬಂತು. ಹೆಡ್‌ಫೋನು ಹಾಕಿಕೊಂಡ ನನಗೆ ಮೀಟಿದ ಮೇಲಿನ ಉಬ್ಬು ಮಾತ್ರ ಕೇಳುತ್ತದೆ. ಪಕ್ಕದಲ್ಲಿ ಕುಳಿತ ಅವಳಿಗೆ ಬರಿಯ ತಂತಿಯ ‘ಟಿಂಗ್’ ಮಾತ್ರ ಕೇಳುತ್ತದೆ. ನಾನು ಮುಚ್ಚಿಟ್ಟ ಶುರುವನ್ನು ಕೇಳಿಕೊಂಡು, ಮುಂದಿನದನ್ನು ಅವಳು ತುಟಿ ಮುಚ್ಚಿ ತಾನೇ ತುಂಬಿಕೊಳ್ಳುತ್ತಿದ್ದಳು. ಎಷ್ಟು ವರ್ಷದಿಂದಲೋ. ತನಗೇ ಗೊತ್ತಿಲ್ಲದೆ.

ಈಗ ಏನು ಮಾಡಬೇಕು ಎಂದೇ ತೋಚಲಿಲ್ಲ. ಹೇಳಿದರೆ ಅವಳು ಎಚ್ಚರವಾಗುತ್ತಾಳೆ. ಎಚ್ಚರವಾದರೆ ಈ ಗುನುಗೂ ನಿಂತುಹೋಗಬಹುದು, ಆಮೇಲೆ ಪಾತ್ರೆ ತೊಳೆಯುವುದೊಂದೇ ಉಳಿಯುತ್ತದೆ. ಹೇಳದಿದ್ದರೆ ನಾಟಕಕ್ಕೆ ಸದ್ದಿಲ್ಲ. ಮೇಜಿನ ಕೆಳಗೆ ಕದ್ದು ಮೈಕು ಇಡು ಎಂದ ಶಾಕ್. ಛೀ, ಒಡಹುಟ್ಟಿದವಳ ಉಸಿರು ಕದಿಯುವುದೇ? ಎರಡು ದಿನ ಕುಳಿತಲ್ಲಿ ಕೂರಲಾರದೆ ಒದ್ದಾಡಿದೆ. ಕೊನೆಗೆ ಅವಳು ಪಿನ್ನುಗಳನ್ನು ಬಾಯಿಂದ ತೆಗೆದು ಊಟಕ್ಕೆ ಏಳುವ ಹೊತ್ತಿಗೆ ಹೆಡ್‌ಫೋನನ್ನು ಅವಳ ತಲೆಗೆ ಹಾಕಿದೆ.

ಕೇಳಿದಳು. ಎರಡನೆಯ ಸ್ವರ ಬಂದಾಗ ಯಾರಿದು ಎಂಬಂತೆ ನನ್ನನ್ನು ನೋಡಿದಳು.

“ನೀನೇ ಅಕ್ಕ” ಎಂದೆ.

ಅವಳು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು ಅಡುಗೆಮನೆಗೆ ಹೋದಳು. ನಲ್ಲಿಯ ನೀರು ಬಹಳ ಹೊತ್ತು ಬಿತ್ತು. ಅದಾದ ಮೇಲೆ ನಾನು ನುಡಿಸುವಾಗೆಲ್ಲ ಒಂದು ಕಿವಿಯ ಹೆಡ್‌ಫೋನ್ ಸರಿಸಿ ಕೇಳಿದೆ. ಸೂಜಿ ಬಟ್ಟೆಯೊಳಗೆ ಹೋಗಿ ಬರುವ ಸದ್ದು ಮಾತ್ರ. ಉಸಿರೂ ಬಿಗಿ ಹಿಡಿದು ಹೊಲಿಯುತ್ತಿದ್ದಳು. ಉಳಿದಿದ್ದ ಒಂದು ಕಿಂಡಿಯನ್ನೂ ನಾನೇ ಮುಚ್ಚಿದೆ ಎಂದು ನನ್ನನ್ನು ನಾನೇ ಶಪಿಸಿಕೊಂಡೆ. ಡೈರೆಕ್ಟರಮ್ಮನಿಗೆ ಆಗುವುದಿಲ್ಲ ಎಂದು ಹೇಳಿಬಿಡಲು ಫೋನ್ ಎತ್ತಿಕೊಂಡಿದ್ದೆ.

“ಆ ಟಿಂಗ್ ಎಲ್ಲಿ ಹೋಗತ್ತೆ?” ಎಂದು ಕೇಳಿದಳು ಅಕ್ಕ, ತಲೆ ಎತ್ತದೆ.

ನನಗೆ ಅರ್ಥವಾಗಲಿಲ್ಲ. ನಾನು ಮೀಟುವುದು ತನಗೆ ಕೇಳುತ್ತದೆ, ರೆಕಾರ್ಡಿನಲ್ಲಿ ಅದೇ ಇಲ್ಲ, ಎಲ್ಲಿ ಹೋಯಿತು ಎಂದಳು. ಇಷ್ಟು ವರ್ಷ ಪಕ್ಕದಲ್ಲಿ ಕುಳಿತವಳಿಗೆ ನಾನು ಒಮ್ಮೆಯೂ ಹೇಳಿರಲಿಲ್ಲ. ಗುಬುಟು ತೋರಿಸಿದೆ. ಕೈಗೆ ಬಿಡುವಿಲ್ಲದಾಗ ಅದೇ ಕೆಲಸಕ್ಕೆ ಕಾಲಲ್ಲಿ ಒತ್ತುವ ವಾಲ್ಯೂಮ್ ಪೆಡಲನ್ನೂ ತೆಗೆದು ತೋರಿಸಿದೆ. ಹಿಮ್ಮಡಿಯ ಕಡೆ ಒತ್ತಿದರೆ ಮುಚ್ಚಿದ ಹಾಗೆ, ಬೆರಳ ಕಡೆ ಒತ್ತಿದರೆ ತೆರೆದ ಹಾಗೆ. ಟಿಂಗ್ ಎಲ್ಲೂ ಹೋಗುವುದಿಲ್ಲ, ಕಾಲಡಿ ಇರುತ್ತದೆ ಎಂದೆ.

ಅವಳು ಪೆಡಲನ್ನು ಕೈಯಲ್ಲಿ ಹಿಡಿದು, ಹೊಲಿಗೆ ಮಿಷನ್ನಿನದನ್ನು ಪರೀಕ್ಷಿಸುವ ಹಾಗೆ ಹಿಂದೆ ಮುಂದೆ ಆಡಿಸಿದಳು.

“ನನ್ನ ಕರ್ರ್‌ನೂ ಇದರ ಕೆಳಗೆ ಮುಚ್ಚೋಕಾಗತ್ತೇನೋ?”

ಆಗುತ್ತದೆ ಎಂದು ತಲೆ ಆಡಿಸಿದೆ.

ಅಂದೇ ಶಾಕ್‌ನಿಂದ ಒಂದು ಮೈಕು ತಂದೆವು. ಅದರ ವೈರು ನನ್ನ ಪೆಡಲಿಗೆ. ಅವಳು ಬಾಯಿ ಬಿಟ್ಟಾಗ ನನ್ನ ಹಿಮ್ಮಡಿ ಕೆಳಗೆ. ಸ್ವರ ಒಡೆದು ನೇರವಾದ ಮೇಲೆ ನಾನು ಬೆರಳಿನ ಕಡೆ ಮೆಲ್ಲಗೆ ಭಾರ ಬಿಡುವುದು. ಗಿಟಾರಿನ ಉಬ್ಬು ಕಿರುಬೆರಳಲ್ಲಿ, ಅಕ್ಕನ ಉಬ್ಬು ಪಾದದಲ್ಲಿ. ಮೊದಲು ಎಡವಿದೆವು, ಜಗಳವಾಡಿದೆವು. ಕೋಣವೇ, ಅವಸರ ಯಾಕೋ ಎಂದು ಬೈಸಿಕೊಂಡೆ. ಆಮೇಲೆ ಕುದುರಿತು. ಹಾಲಿನಲ್ಲಿ ತಾಲೀಮು ನೋಡಿದ ಡೈರೆಕ್ಟರಮ್ಮ ಇದರಲ್ಲಿ ಗಿಟಾರು ಯಾವುದು, ನಿಮ್ಮಕ್ಕ ಯಾರು ಎಂದು ಕೇಳಿದರು. ನಿಜ ಹೇಳಬೇಕೆಂದರೆ ಒಂದೊಂದು ಸಲ ನನಗೂ ತಿಳಿಯುತ್ತಿರಲಿಲ್ಲ. ಅಕ್ಕ ಒಂದೇ ಷರತ್ತು ಹಾಕಿದ್ದಳು. ಆ ಕರ್ರ್ ಹೊರಗೆ ಹೋಗಬಾರದು, ಹೋದರೆ ಅದೇ ಕೊನೆ.

ಪ್ರದರ್ಶನದ ಸಂಜೆ ಪಕ್ಕದ ಪರದೆಯ ಹಿಂದೆ ನನ್ನ ಸ್ಟೂಲು, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಅವಳದು. ಮಡಿಲಲ್ಲಿ ದೋಣಿಯವಳ ಇನ್ನೊಂದು ಲಂಗ, ಎಲ್ಲಾದರೂ ಹರಿದರೆ ಬೇಕಾದೀತು ಎಂದು. ಹಾಲಿನ ತುಂಬ ಜನ. ಕೊನೆಯ ದೃಶ್ಯಕ್ಕೆ ದೀಪಗಳು ಇಳಿದವು. ನಟಿ ಹುಟ್ಟು ಕೆಳಗಿಟ್ಟಳು. ನಾನು ಮೀಟಿ ಮಂಜು ಎಬ್ಬಿಸಿದೆ. ನನ್ನ ಪಾದ ಹಿಮ್ಮಡಿಯ ಮೇಲೆ ಗಟ್ಟಿಯಾಗಿ ಕೂತಿತ್ತು, ಕರ್ರ್ ತಪ್ಪಿಸಿಕೊಳ್ಳಬಾರದಲ್ಲ. ಅಕ್ಕ ಉಸಿರೆಳೆದುಕೊಂಡಳು.

ಆಗ ನನ್ನ ಕಾಲ್ಬೆರಳುಗಳ ಮೇಲೆ ಭಾರ ಬಿತ್ತು. ಅವಳ ಪಾದ. ಪೆಡಲು ಪೂರ್ತಿ ತೆರೆದುಕೊಂಡಿತು. ಎಳೆದುಕೊಳ್ಳಲು ನೋಡಿದೆ, ಬಿಡಲಿಲ್ಲ. ಅಷ್ಟರಲ್ಲಿ ಅವಳ ಸ್ವರ ಒಡೆಯಿತು. ಕರ್ರ್ ಎಂದದ್ದು ಹಾಲಿನ ಕೊನೆಯ ಕುರ್ಚಿಯವರೆಗೂ ಹೋಯಿತು. ಯಾರೋ ಕೆಮ್ಮುತ್ತಿದ್ದವರು ನಿಲ್ಲಿಸಿದರು. ದೋಣಿಯವಳು ತಿರುಗಿ ನೋಡಿದಳು, ಅದು ಅವಳ ಪಾತ್ರದಲ್ಲಿ ಇರಲಿಲ್ಲ. ಒಡೆದ ಸ್ವರ ನಿಲ್ಲಲಿಲ್ಲ. ಒಡಕಿನಿಂದಲೇ ಎದ್ದು, ನಡುಗಿ, ನೇರವಾಗಿ ನಿಂತಿತು. ನನ್ನ ಕೈ ಏನು ನುಡಿಸಿತೋ ನನಗೆ ನೆನಪಿಲ್ಲ. ಚಪ್ಪಾಳೆಯೂ ಸರಿಯಾಗಿ ಕೇಳಲಿಲ್ಲ. ಅವಳು ಕತ್ತಲೆಯಲ್ಲಿ ಗೊತ್ತಾಗದೆ ತುಳಿದಳೇ, ಬೇಕೆಂದೇ ತುಳಿದಳೇ, ಇದೊಂದೇ ತಲೆಯಲ್ಲಿ ಗಿರಗಿರ ತಿರುಗುತ್ತಿತ್ತು. ಗೊತ್ತಾಗದೆ ತುಳಿದಿದ್ದರೆ ಅದೇ ಕೊನೆ. ಮನೆ ತಲುಪಿದ ಮೇಲೂ ಕೇಳಲು ಧೈರ್ಯವಾಗಲಿಲ್ಲ.

ಬೆಳಿಗ್ಗೆ ಅವಳು ಮೇಜಿಗೆ ಕುಳಿತು ಲಂಗದ ಅಂಚು ಬಿಚ್ಚುತ್ತಿದ್ದಳು. ನಾನು ಸ್ಟೂಲಿನ ಮೇಲೆ ಕುಳಿತು, ಗಿಟಾರು ಒರೆಸುವ ನೆಪದಲ್ಲಿ, ನೋಯುತ್ತಿದ್ದ ಕಾಲ್ಬೆರಳು ಮುಂದೆ ಚಾಚಿದೆ.

“ನಿನ್ನೆ ಕತ್ತಲಲ್ಲಿ ನನ್ನ ಕಾಲು ತುಳಿದುಬಿಟ್ಟೆ ನೀನು.”

“ಕತ್ತಲಿತ್ತಾ? ನಂಗೆ ಚೆನ್ನಾಗೇ ಕಾಣ್ತಿತ್ತಲ್ಲೋ” ಎಂದಳು ಅಕ್ಕ.

ಮಾತು ಸ್ಪಷ್ಟವಾಗಿ ಬಂತು. ಆಗಲೇ ನಾನು ಗಮನಿಸಿದ್ದು, ಅವಳ ಬಾಯಲ್ಲಿ ಒಂದು ಪಿನ್ನೂ ಇರಲಿಲ್ಲ. ಎಲ್ಲವನ್ನೂ ಬಟ್ಟೆಯ ದಿಂಬಿಗೆ ಚುಚ್ಚಿ ಪಕ್ಕಕ್ಕಿಟ್ಟಿದ್ದಳು.